ಬಿಚ್ಚಿ ಹೊಲಿದ ಸಾಲು

ಕೌದಿಯ ಅಂಚನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದಾಗ ಸಂಶಯ ಉಳಿಯಲಿಲ್ಲ. ಹೊಲಿಗೆಯ ಪಕ್ಕದಲ್ಲೇ ಸಣ್ಣ ಸಣ್ಣ ತೂತುಗಳು, ಇರುವೆಗಳು ನಡೆದುಹೋದ ಹಾಗೆ. ಅಲ್ಲೊಂದು ಸಾಲು ಇತ್ತು, ಈಗಿಲ್ಲ. ಯಾರೋ ಅದನ್ನು ಬಿಚ್ಚಿ, ಪಕ್ಕದಲ್ಲಿ ತಮ್ಮದೊಂದು ಸಾಲನ್ನು ನೇರವಾಗಿ, ಒತ್ತಾಗಿ, ಏನೂ ನಡೆದೇ ಇಲ್ಲವೆಂಬಂತೆ ಹೊಲಿದಿಟ್ಟಿದ್ದರು. ಹೋದ ವಾರ ಸಾಲು ಮುಗಿಸುವಾಗ ಅವಳು ಬೇಕೆಂದೇ ಗಂಟನ್ನು ಕೆಳಕ್ಕೆ ಬಿಡದೆ ಎರಡು ಪದರಗಳ ನಡುವೆ ಎಳೆದು ಅಡಗಿಸಿದ್ದಳು. ಬೆರಳಿಂದ ಒತ್ತಿದರೆ ಮಾತ್ರ ಸಾಸಿವೆ ಕಾಳಿನಷ್ಟು ಗಟ್ಟಿಯಾಗಿ ಸಿಗಬೇಕಾದ ಗಂಟು. ಈಗ ಆ ಜಾಗ ಮೆತ್ತಗಿತ್ತು. ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಡಾಕ್ಟರು ಹೊಟ್ಟೆ ಒತ್ತಿ ಇಲ್ಲಿ ನೋಯುತ್ತಾ ಎಂದು ಕೇಳುವ ಹಾಗೆ. ನೋಯಲಿಲ್ಲ. ಈಚೆಗೆ ಎಲ್ಲಿ ಒತ್ತಿದರೂ ಅವಳಿಗೆ ನೋಯುತ್ತಿರಲಿಲ್ಲ. ಸಿಟ್ಟು ಮಾತ್ರ ಇತ್ತು, ಅದೂ ಆರಿದ ಚಹಾದ ಹಾಗೆ, ಮೇಲೊಂದು ಕೆನೆ ಕಟ್ಟಿಕೊಂಡು ಅಲುಗದೆ ಕೂತ ಸಿಟ್ಟು.

ಇನ್ನೂ ಯಾರೂ ಬಂದಿರಲಿಲ್ಲ. ಮಾವನಿಗೆ ಮಾತ್ರೆ ಕೊಟ್ಟು ಬರ್ತೀನಿ, ನೀನು ಹೋಗಿ ಬಾಗಿಲು ತೆಗೆದಿರು ಎಂದು ಅತ್ತೆ ಬೀಗದ ಕೈ ಕೊಟ್ಟು ಕಳಿಸಿದ್ದರು. ಕೊಡುವಾಗ ಒಂದು ಗಳಿಗೆ ತಡೆದರೇ? ತಡೆದಿದ್ದರು ಎಂದು ಈಗ ಅನಿಸಿತು. ಜೆರಾಕ್ಸ್ ಅಂಗಡಿಯ ಮೇಲಿನ ಈ ಕೋಣೆ ಒಂದು ಕಾಲದಲ್ಲಿ ಕ್ಲಬ್ಬಾಗಿತ್ತಂತೆ. ಆಡುವವರು ಹೋಗಿ ಟೇಬಲ್ ಟೆನಿಸ್ ಮೇಜೊಂದು ಉಳಿದಿತ್ತು. ಅದರ ಮೇಲೆ ಕೌದಿ ಹಾಸಿ, ಸುತ್ತ ಕುರ್ಚಿ ಹಾಕಿಕೊಂಡು, ಅಂಚಿನಿಂದ ಒಳಮುಖವಾಗಿ ಸುತ್ತು ಸುತ್ತಾಗಿ ಹೊಲಿಯುವುದು. ಕೆಳಗಿನ ಯಂತ್ರ ಒಂದೇ ಸಮನೆ ಉಸಿರುಬಿಡುವ ಸದ್ದು ನೆಲ ಹತ್ತಿ ಕುರ್ಚಿಯ ಕಾಲಿನಿಂದ ಸೊಂಟದವರೆಗೆ ಬರುತ್ತಿತ್ತು. ಒಟ್ಟು ಐದು ಜನ. ಗುಂಪು ಕಟ್ಟಿದ ಮಿಸ್, ನಿವೃತ್ತ ಗಣಿತದ ಟೀಚರು, ವಯಸ್ಸಿನಲ್ಲೂ ಬಾಯಲ್ಲೂ ಎಲ್ಲರಿಗಿಂತ ಹಿರಿಯರು. ಅವರ ಎಡಕ್ಕೆ ಅವಳು. ಅವಳ ಎಡಕ್ಕೆ ಅತ್ತೆ. ಆಮೇಲೆ ಆಸ್ಪತ್ರೆಯ ಸಿಸ್ಟರ್. ಆಮೇಲೆ ಬೀದಿಯ ತುದಿಯಲ್ಲಿ ಅಂಗಡಿ ಇಟ್ಟಿರುವ ಟೈಲರಮ್ಮ. ಚಹಾ ಕುಡಿದ ಮೇಲೆ ಪ್ರತಿ ಸಲವೂ ಎಲ್ಲರೂ ಎದ್ದು ಒಂದೊಂದು ಕುರ್ಚಿ ಪಕ್ಕಕ್ಕೆ ಸರಿದು ಕೂರಬೇಕು. ಇದು ಮಿಸ್ ಮಾಡಿದ ಕಾನೂನು. "ಕೌದೀಲಿ ಯಾರ ಕೈ ಎಲ್ಲಿದೆ ಅಂತ ಗೊತ್ತಾದ್ರೆ ಅದು ಕೌದಿ ಅಲ್ಲ ಕಣ್ರೇ, ಪ್ರೋಗ್ರೆಸ್ ಕಾರ್ಡು" ಎನ್ನುತ್ತಿದ್ದರು. ಹೀಗೆ ಸರಿದು ಸರಿದು ಒಬ್ಬರ ಸಾಲು ಇನ್ನೊಬ್ಬರ ಸಾಲಿಗೆ ಸೇರಿ, ವಾರ ಕಳೆಯುವ ಹೊತ್ತಿಗೆ ತನ್ನದು ಯಾವುದೆಂದು ಹೊಲಿದವರಿಗೇ ಗೊತ್ತಾಗುತ್ತಿರಲಿಲ್ಲ. ಗಂಟು ಅಡಗಿಸಿಟ್ಟವಳೊಬ್ಬಳನ್ನು ಬಿಟ್ಟು.

ಯಾರಿರಬಹುದು ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಮೊನ್ನೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿಬರ್ತೀನಿ ಎಂದು ಹೊರಟ ಅತ್ತೆ ಮಧ್ಯಾಹ್ನ ಬಂದು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ತೋಳಿನ ಮೇಲೆ ಕೌದಿಯ ನೀಲಿ ನೂಲಿನ ತುಣುಕುಗಳು ಅಂಟಿಕೊಂಡಿದ್ದವು. ಬ್ಯಾಂಕಿನವರು ನೂಲು ಕೊಡುತ್ತಾರೆಯೇ? ಅವಳು ಏನೂ ಕೇಳಲಿಲ್ಲ. ಆ ಮನೆಯಲ್ಲಿ ಈಗ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅನ್ನಕ್ಕೆ ಎಷ್ಟು ಅಕ್ಕಿ ಹಾಕಬೇಕೆಂದು ಕೂಡ. ಒಬ್ಬರ ಪಾಲಿನ ಅಕ್ಕಿ ಕಡಿಮೆ ಮಾಡುವ ದಿನ ಬಂದಾಗ ಇಬ್ಬರೂ ಅಳತೆಯ ಲೋಟ ಹಿಡಿಯದೆ ತಪ್ಪಿಸಿಕೊಂಡು, ಕೊನೆಗೆ ಮಾವನೇ ಎದ್ದು ಬಂದು ಅನ್ನಕ್ಕಿಟ್ಟಿದ್ದರು. ಯಾಕೆ ಎಂಬುದಕ್ಕೂ ಉತ್ತರ ಸಿದ್ಧವಿತ್ತು. ಈ ಕೌದಿ ಟೈಲರಮ್ಮನ ಮಗಳ ಹೆರಿಗೆಗೆ. ನಾಳೆ ಹುಟ್ಟುವ ಕೂಸಿನ ಮೈಮೇಲೆ, ಗಂಡನನ್ನು ಕಳೆದುಕೊಂಡು ವರ್ಷವೂ ತುಂಬದವಳ ಕೈಯ ಹೊಲಿಗೆ. ಯಾರೂ ಹಾಗೆಂದಿರಲಿಲ್ಲ. ಯಾರೂ ಅನ್ನದಿದ್ದುದೇ ಅವಳಿಗೆ ಸಾಕ್ಷಿಯಾಗಿತ್ತು. ಬಾ ಕೂತ್ಕೋ, ಮನಸ್ಸಿಗೆ ಒಳ್ಳೇದು ಎಂದು ಕೈಹಿಡಿದು ಕರೆದು, ಸೂಜಿ ಕೊಟ್ಟು, ಹೊಲಿಸಿಕೊಂಡು, ಬೆನ್ನು ತಿರುಗಿದ ಮೇಲೆ ಬಿಚ್ಚುವುದು. ಬಾಗಿಲಲ್ಲೇ ಬೇಡ ಅಂದಿದ್ದರೆ ಅವಳು ಮನೆಗೆ ಹೋಗಿ ಗೋಡೆ ನೋಡುತ್ತ ಕೂರುತ್ತಿದ್ದಳು, ಯಾರಿಗೂ ನಷ್ಟವಿರಲಿಲ್ಲ. ಹೀಗೆ ಕರುಣೆ ತೋರಿಸಿ ಮೋಸ ಮಾಡುವುದನ್ನು ಅವಳು ಬಲ್ಲಳು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಬೆನ್ನಿಗೆ ಅಂಟಿಕೊಳ್ಳುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂತಿದ್ದಾಗ ಇದೇ ಸಿಸ್ಟರ್ ಬಂದು ಹೆಗಲ ಮೇಲೆ ಕೈಯಿಟ್ಟು, "ಅವರಿಗೆ ಏನೂ ಗೊತ್ತಾಗಲಿಲ್ಲಮ್ಮ, ನಿದ್ದೇಲೇ ಹೋಗಿಬಿಟ್ರು" ಅಂದಿದ್ದಳು. ಒಳಗೆ ಹೋಗಿ ನೋಡಿದರೆ ಅವನ ಎಡಗೈ ಮುಷ್ಟಿಯಲ್ಲಿ ಹಾಸಿಗೆಯ ಬಟ್ಟೆ ಮುದ್ದೆಯಾಗಿತ್ತು. ನಿದ್ದೆಯಲ್ಲಿರುವವರು ಬಟ್ಟೆ ಹಾಗೆ ಹಿಡಿಯುತ್ತಾರೆಯೇ? ಅಂದಿನಿಂದ ಯಾರು ಹೆಗಲ ಮೇಲೆ ಕೈಯಿಟ್ಟರೂ ಈ ಕೈ ಏನನ್ನು ಮುಚ್ಚಿಡುತ್ತಿದೆ ಎಂದೇ ಅವಳಿಗೆ ಅನಿಸುತ್ತಿತ್ತು.

ಮೆಟ್ಟಿಲಲ್ಲಿ ಟೈಲರಮ್ಮನ ಏದುಸಿರು ಕೇಳಿಸಿತು. ಅವಳು ಕೌದಿಯನ್ನು ಬೇಗ ಕೆಳಗಿಟ್ಟು ಸುಕ್ಕು ಸವರಿದಳು, ತಾನೇ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗೆ.

"ಏನೇ ಹುಡುಗಿ, ಬಾಗಿಲು ತೆಗೆದು ಕತ್ತಲಲ್ಲೇ ನಿಂತಿದ್ದೀಯ? ಲೈಟ್ ಬಿಲ್ ನಿನ್ನ ಮಾವ ಕಟ್ಬೇಕೇನು?" ಟೈಲರಮ್ಮ ಟ್ಯೂಬ್‌ಲೈಟ್ ಹಾಕಿದಳು. ಹಿಂದೆಯೇ ಸಿಸ್ಟರ್, ಆಕಳಿಸುತ್ತ. ಅವರ ಹಿಂದೆ ಅತ್ತೆ, ಮಿಸ್‌ನ ಮೊಣಕೈ ಹಿಡಿದುಕೊಂಡು. ಹಿಡಿದಿದ್ದು ಮಿಸ್ಸೋ ಅತ್ತೆಯೋ ಹೇಳಲಾಗದ ಹಾಗೆ ಇಬ್ಬರೂ ಮಾತಾಡಿಕೊಂಡು ಬಂದರು. ಮಿಸ್ ಎಂದಿನಂತೆ ಬೂದು ಬಣ್ಣದ ಉಣ್ಣೆ ಶಾಲು ಹೊದ್ದಿದ್ದರು, ಸೆಖೆಯಿದ್ದರೂ. ಹೊಲಿಗೆ ಶುರುವಾಯಿತು. ಅವಳು ಸೂಜಿ ಚುಚ್ಚಿದಳು, ಎಳೆದಳು. ಬಿಚ್ಚಿಹಾಕುವುದಕ್ಕೆಂದೇ ಹೊಲಿಯುವುದು ಒಂದು ವಿಚಿತ್ರ ಕೆಲಸ ಅನಿಸಿತು. ಪಾತ್ರೆ ತೊಳೆದ ಹಾಗೆ, ನಾಳೆ ಮತ್ತೆ ಅದೇ.

"ಮಿಷಿನ್‌ಗೆ ಹಾಕಿದ್ರೆ ಇಷ್ಟೊತ್ತಿಗೆ ಮುಗಿಸಿ ಹೊದ್ದು ಮಲಗಬಹುದಿತ್ತು," ಟೈಲರಮ್ಮ ಗೊಣಗಿದಳು.

"ನಿನ್ನ ಮಿಷಿನ್‌ಗೆ ಊರ ಸುದ್ದಿ ಹೇಳೋಕೆ ಬರುತ್ತೇನೇ?" ಮಿಸ್ ತಲೆ ಎತ್ತದೆ ಕೇಳಿದರು. "ಮಗಳು ಹೇಗಿದ್ದಾಳೆ?"

"ಕಾಲು ಊದ್ಕೊಂಡು ಚಪ್ಪಲಿ ಹಿಡೀತಿಲ್ಲ ಮಿಸ್. ಅಳಿಯನ ಚಪ್ಪಲಿ ಹಾಕ್ಕೊಂಡು ತಿರುಗ್ತಾಳೆ."

"ಪಾಪ, ಅಳಿಯ ಏನು ಹಾಕ್ಕೋತಾನೆ?"

"ಮುಖ ಹಾಕ್ಕೊಂಡು ಕೂತಿರ್ತಾನೆ."

ಎಲ್ಲರೂ ನಕ್ಕರು. ನಗುವಾಗ ಸಿಸ್ಟರ್ ತನ್ನ ಕಡೆ ಒಮ್ಮೆ ನೋಡಿದ್ದನ್ನು ಅವಳು ಕಂಡಳು. ಅಳಿಯ, ಮಗಳು, ಹೆರಿಗೆ ಎಂಬ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆ ನೋಡುತ್ತಿದ್ದರು, ಒಲೆಯ ಮೇಲೆ ಹಾಲಿಟ್ಟವರು ಮಾತಿನ ನಡುವೆ ಆಗಾಗ ತಿರುಗಿ ನೋಡುವ ಹಾಗೆ. ಅವಳೂ ನಕ್ಕಳು. ನಕ್ಕಿದ್ದು ಸ್ವಲ್ಪ ತಡವಾಯಿತು. ಇವರು ಮೂವರೂ ಸೇರಿ ಮಾಡಿದ್ದೇ ಇರಬೇಕು. ಒಬ್ಬರು ಬಿಚ್ಚುವುದು, ಒಬ್ಬರು ಬಾಗಿಲು ಕಾಯುವುದು. ಮಿಸ್‌ಗೂ ಗೊತ್ತಿರಬಹುದೇ? ಮಿಸ್ ತಮ್ಮ ಪಾಡಿಗೆ ಹೊಲಿಯುತ್ತಿದ್ದರು. ಎಡಗೈ ಬೆರಳು ಬಟ್ಟೆಯ ಮೇಲೆ ಮುಂದೆ ಮುಂದೆ ಸರಿಯುತ್ತ, ಅದರ ಹಿಂದೆ ಸೂಜಿ. "ಸಾಲು ನೇರ ಇರಲಿ ಕಣ್ರೇ," ಅಂದರು. ಪ್ರತಿ ಸಲವೂ ಅನ್ನುವ ಮಾತೇ. ಇವತ್ತು ಅವಳಿಗೆ ಅದು ತನ್ನ ಕಪಾಳಕ್ಕೇ ಬಂದು ತಾಕಿದ ಹಾಗಾಯಿತು.

"ನೇರ ಇಲ್ಲದಿದ್ರೆ ಬಿಚ್ಚೋಕೆ ಜನ ಇದ್ದಾರಲ್ಲ ಮಿಸ್," ಅಂದಳು.

ತನ್ನ ದನಿ ಇಷ್ಟು ಜೋರಾಗಿ ಕೇಳುತ್ತದೆಂದು ಅವಳು ಎಣಿಸಿರಲಿಲ್ಲ. ಟೈಲರಮ್ಮನ ಸೂಜಿ ಗಾಳಿಯಲ್ಲೇ ನಿಂತಿತು. ಅತ್ತೆ ತಗ್ಗಿದ ದನಿಯಲ್ಲಿ, "ಮನೆಗೆ ಹೋಗಿ ಮಾತಾಡೋಣ," ಅಂದರು.

"ಯಾಕೆ ಮನೇಲಿ? ಇಲ್ಲೇ ಹೇಳಿ. ನಾನು ಹೊಲಿದಿದ್ದನ್ನ ವಾರವಾರ ಬಿಚ್ತಿದ್ದೀರಿ. ತೂತು ಹಾಗೇ ಇದೆ, ಬೆಳಕಿಗೆ ಹಿಡಿದು ನೋಡಿದೀನಿ. ಮೊನ್ನೆ ನೀವು ಹೋಗಿದ್ದು ಬ್ಯಾಂಕಿಗಲ್ಲ." ಮಾತು ತಾನಾಗಿ ಬರುತ್ತಿತ್ತು, ಬೇರೆ ಯಾರೋ ಓದಿ ಹೇಳುತ್ತಿರುವ ಹಾಗೆ. "ಮಗುವಿನ ಮೈಗೆ ನನ್ನ ಕೈ ಸೋಕಬಾರದು ಅಂತಿದ್ರೆ ಮುಖಕ್ಕೆ ಹೇಳಬಹುದಿತ್ತು. ನಾನೇನು ಜಗಳ ಆಡ್ತಿರಲಿಲ್ಲ."

"ಅಯ್ಯೋ, ಥೂ! ಬಿಡ್ತು ಅನ್ನು!" ಟೈಲರಮ್ಮ ಹೌಹಾರಿದಳು. "ನಾನು ಹಂಗೆ ಅನ್ನೋಳೇನೇ? ನನ್ನ ಮಗಳಿಗೆ ಕೌದಿ ಹೊಲಿಯೋಣ ಅಂತ ಮೊದಲು ಬಾಯಿಬಿಟ್ಟವಳೇ ನೀನು."

ಅದು ನಿಜ ಎಂದು ಅವಳಿಗೆ ಆಗ ನೆನಪಾಯಿತು. ಹೇಳಿದ್ದು ನೆನಪಿತ್ತು, ಹೇಳುವಾಗ ಏನನಿಸಿತ್ತೆಂಬುದು ನೆನಪಿರಲಿಲ್ಲ.

"ಅದು ನಿಂದು ಅಂತ ನಂಗೊತ್ತಿರಲಿಲ್ಲ ಕಣೇ," ಅತ್ತೆ ಅಂದರು.

"ಮತ್ತೆ ಯಾರದ್ದು ಅಂದ್ಕೊಂಡ್ರಿ?"

ಅತ್ತೆ ಗೋಡೆ ನೋಡಿದರು, ಸಿಸ್ಟರ್ ತನ್ನ ಉಗುರು ನೋಡಿಕೊಂಡಳು, ಟೈಲರಮ್ಮ ಟ್ಯೂಬ್‌ಲೈಟ್ ನೋಡಿದಳು. ಮೂವರೂ ಬೇರೆ ಬೇರೆ ಕಡೆ ನೋಡುತ್ತ ಒಂದೇ ಒಂದು ಕಡೆ ನೋಡದೆ ಉಳಿದಿದ್ದರು. ಆ ಕಡೆ ಮಿಸ್ ಕೂತಿದ್ದರು. ಅವರ ಎಡಗೈ ಬೆರಳು ಬಟ್ಟೆಯ ಮೇಲೆ ನಿಂತುಬಿಟ್ಟಿತ್ತು. ಆಗ ಅವಳಿಗೆ ಅರ್ಥವಾಯಿತು. ಮೆಟ್ಟಿಲಲ್ಲಿ ಹಿಡಿದ ಮೊಣಕೈ, ಚಹಾ ಲೋಟವನ್ನು ಕೈಗೇ ಮುಟ್ಟಿಸಿ ಕೊಡುವುದು, ಸೂಜಿಗಿಂತ ಮೊದಲು ಸಾಗುವ ಬೆರಳು. ಮಿಸ್‌ನ ಕಣ್ಣು ಮಂಜಾಗಿದ್ದನ್ನು ವಾರಗಟ್ಟಲೆ ಪಕ್ಕದ ಕುರ್ಚಿಯಲ್ಲಿ ಕೂತೂ ಅವಳು ನೋಡಿರಲಿಲ್ಲ. ಅವಳು ಬರೀ ತನ್ನನ್ನು ಯಾರು ನೋಡುತ್ತಿದ್ದಾರೆಂಬುದನ್ನು ನೋಡುತ್ತಿದ್ದಳು.

"ನಿನ್ನ ಕೈ ನಂಗೆ ಗೊತ್ತಿಲ್ವೇನೇ?" ಅತ್ತೆಯ ದನಿ ಒಡೆದಿತ್ತು. ಮಾತು ನಿಲ್ಲಿಸಿದರೆ ಆ ಮೌನವೇ ಎಲ್ಲವನ್ನೂ ಹೇಳಿಬಿಡುತ್ತದೆಂದು ಹೆದರಿದವರ ಹಾಗೆ ಅವರು ಮುಂದುವರಿಸಿದರು. "ಅವನ ಪ್ಯಾಂಟಿನ ಮಡಿಕೆ ಹೊಲಿದು ಕೊಡ್ತಿದ್ದೆಯಲ್ಲ, ಅಂಗಡೀಲಿ ಹೊಲಿಸಿದ್ದಾ ಅಂತ ಕೇಳ್ತಿದ್ದೆ ನಾನು. ಇಷ್ಟು ಸೊಟ್ಟಗಿರೋ ಸಾಲು ನಿಂದಿರಬಹುದು ಅಂತ ನನ್ನ ತಲೆಗೇ ಹೊಳೀಲಿಲ್ಲ."

ಇದೂ ಅಂದು ಸಿಸ್ಟರ್ ಹೇಳಿದಂಥದೇ ಒಂದು ಸುಳ್ಳಿರಬಹುದೇ? ಆ ಗಳಿಗೆಗೆ ಹೊಳೆದು ಹೇಳಿದ ಸುಳ್ಳು? ಅವಳು ಅತ್ತೆಯ ಮುಖವನ್ನು ಹುಡುಕಿದಳು. ಆಮೇಲೆ ಅಲ್ಲಿ ಹುಡುಕುವುದು ಬಿಟ್ಟು ತನ್ನ ಮುಂದಿದ್ದ ಬಟ್ಟೆ ನೋಡಿದಳು. ಈಗಷ್ಟೇ ಹೊಲಿದ ಸಾಲು. ಒಂದು ಹೊಲಿಗೆ ಅಕ್ಕಿ ಕಾಳಿನಷ್ಟು, ಪಕ್ಕದ್ದು ಬೆರಳ ಗೆಣ್ಣಿನಷ್ಟು. ಸಾಲು ಸ್ವಲ್ಪ ದೂರ ಹೋಗಿ ಕೆಳಗೆ ಜಾರಿ, ಮತ್ತೆ ಏನೋ ನೆನಪಾದ ಹಾಗೆ ಮೇಲೆ ಹತ್ತಿತ್ತು. ಬಲಕ್ಕೆ ಮಿಸ್‌ನ ಸಾಲು. ಎರಡೂ ಒಂದನ್ನೊಂದು ಹೋಲುತ್ತಿದ್ದವು. ಮಿಸ್‌ನದು ಒಂದು ಗುಲಗಂಜಿಯಷ್ಟು ಮೇಲೆನ್ನಬೇಕು. ಕಣ್ಣಿದ್ದೂ ತಾನು ಇದನ್ನು ಹೊಲಿದೆ, ನೇರ ಹೊಲಿಯುತ್ತಿದ್ದೇನೆಂದುಕೊಂಡೇ ಹೊಲಿದೆ. ಎದೆಯೊಳಗೆ ಎಲ್ಲೋ, ಜೋಮು ಹಿಡಿದ ಕಾಲನ್ನು ಊರಿದಾಗ ಆಗುವಂಥ ಚುಚ್ಚು ಶುರುವಾಯಿತು.

"ಎಷ್ಟು ದಿನದಿಂದ?" ಮಿಸ್ ಕೇಳಿದರು.

"ಏನು ಮಿಸ್?" ಟೈಲರಮ್ಮ ತೊದಲಿದಳು.

"ಏನು ಅಂತ ನಿಂಗೆ ಗೊತ್ತು. ಎಷ್ಟು ದಿನದಿಂದ?"

"ಹೋದ ಕೌದಿ ಅರ್ಧ ಆಗಿತ್ತು ಆಗ," ಸಿಸ್ಟರ್ ಮೆಲ್ಲಗೆ ಅಂದಳು. "ನಿಮಗೆ ಬೇಜಾರಾಗಬಾರದು ಅಂತ..."

"ಬೇಜಾರು." ಮಿಸ್ ಆ ಮಾತನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ ಹಾಗೆ ಅಂದರು. "ಮೂರು ಜನ ಸೇರಿ ನನ್ನ ತಪ್ಪು ತಿದ್ದಿದ್ದೀರಿ. ನಾನು ಇಷ್ಟು ವರ್ಷ ಪಾಠ ಮಾಡಿದೆ, ಮಕ್ಕಳ ಮುಂದೇನೇ ತಿದ್ದಿದೆ. ಮನೆಗೆ ತಗೊಂಡು ಹೋಗಿ ಗುಟ್ಟಾಗಿ ಉತ್ತರ ಬರೆದಿಟ್ಟು ಮಾರ್ಕ್ಸ್ ಕೊಡಲಿಲ್ಲ." ದನಿ ಏರಿರಲಿಲ್ಲ. ಕನ್ನಡಕ ತೆಗೆದು ಮಡಚಿ ಪೆಟ್ಟಿಗೆಯೊಳಗಿಟ್ಟರು. ಇನ್ನು ಅದರ ನಾಟಕ ಬೇಡ ಎಂಬ ಹಾಗೆ. "ನಾನು ಹೊರಡ್ತೀನಿ. ಯಾರೂ ಕೈ ಹಿಡೀಬೇಡಿ. ಮೆಟ್ಟಿಲು ಎಲ್ಲಿದೆ ಅಂತ ಗೊತ್ತು."

ಅವಳು ಏನಾದರೂ ಹೇಳಬೇಕಿತ್ತು. ತಪ್ಪಾಯ್ತು ಮಿಸ್, ನನಗೆ ಗೊತ್ತಿರಲಿಲ್ಲ. ಅಂಥ ಮಾತುಗಳು ಹತ್ತಿರ ಬಂದು, ಬಾಯಿಯ ಬಾಗಿಲಲ್ಲೇ ನಿಂತವು. ಒಂದು ಸಲ ಬಾಯಿಬಿಟ್ಟದ್ದಕ್ಕೆ ಇಷ್ಟಾಗಿದೆ. ಮಿಸ್ ಕುರ್ಚಿ ಹಿಂದಕ್ಕೆ ತಳ್ಳಿ, ಬೆನ್ನು ನೆಟ್ಟಗೆ ಮಾಡಿ ಎದ್ದರು.

ಅವರೊಂದಿಗೆ ಕೌದಿಯೂ ಎದ್ದಿತು.

ಕತ್ತರಿ, ನೂಲುಂಡೆ, ಸೂಜಿಯ ದಿಂಬು ಎಲ್ಲ ಮಿಸ್‌ನ ಕಡೆಗೆ ಜಾರಿದವು. ನೂಲುಂಡೆ ನೆಲಕ್ಕೆ ಬಿದ್ದು ಉರುಳುತ್ತ ಹೋಗಿ ಬಾಗಿಲ ಬಳಿ ನಿಂತಿತು. ಬೂದು ಶಾಲಿನ ತುದಿ ಕೌದಿಯ ಅಂಚಿಗೆ ಅಂಟಿಕೊಂಡು ಬಿಗಿಯಾಗಿತ್ತು. ಇವತ್ತು ಕೂತಾಗಿನಿಂದ ಮಿಸ್ ತಮ್ಮ ಶಾಲನ್ನೂ ಸೇರಿಸಿಯೇ ಹೊಲಿದಿದ್ದರು. "ಏನದು, ಕುರ್ಚಿಗೆ ಸಿಕ್ಕಿಕೊಂಡಿತಾ?" ಎಂದು ಹೆಗಲಿಂದ ಶಾಲು ಜಗ್ಗಿದರು. ಮೇಜಿನ ಮೇಲಿನ ಕೌದಿ ಇನ್ನೊಂದು ಗೇಣು ಸರಿಯಿತು.

ಅತ್ತೆ ಕೈ ಚಾಚಿ ಕತ್ತರಿಯನ್ನು ಸದ್ದಿಲ್ಲದೆ ಅವಳ ಕಡೆಗೆ ತಳ್ಳಿದರು. ಕಣ್ಣಲ್ಲೇ ತೋರಿಸಿದರು: ಕತ್ತರಿಸು, ಬೇಗ. ಸಿಸ್ಟರ್ ಹೌದೆಂದು ತಲೆಯಾಡಿಸಿದಳು. ಟೈಲರಮ್ಮ ತಕ್ಷಣ, "ಹೌದು ಮಿಸ್, ಕುರ್ಚಿದೊಂದು ಮೊಳೆ ಎದ್ದಿದೆ, ತಡೀರಿ," ಎಂದು ದಾರಿ ಮಾಡಿಕೊಟ್ಟಳು. ಶಾಲು ಅವಳ ಕೈಗೇ ಹತ್ತಿರವಿತ್ತು. ಎರಡು ಸಲ ಕತ್ತರಿಯಾಡಿಸಿದರೆ ಸಾಕು. ಮಿಸ್ ತಲೆಯೆತ್ತಿಕೊಂಡು ಮೆಟ್ಟಿಲಿಳಿದು ಹೋಗುತ್ತಾರೆ. ಆಮೇಲೆ ಇವರೆಲ್ಲ ಉಸಿರುಬಿಟ್ಟು, ನೀನು ಒಳ್ಳೇದು ಮಾಡಿದೆ ಎಂದು ಅವಳ ಹೆಗಲ ಮೇಲೆ ಕೈಯಿಡುತ್ತಾರೆ. ಇದುವರೆಗೆ ಅವಳು ಮೇಜಿನ ಸುತ್ತ ಕೂತಿದ್ದರೂ ಹೊರಗಿದ್ದಳು. ಈಗ ಒಳಗೆ ಬರಲು ಬಾಗಿಲು ತೆಗೆದಿತ್ತು, ಮೂವರೂ ಆಚೆ ನಿಂತು ಬಾ ಅನ್ನುತ್ತಿದ್ದರು. ಅವರ ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳಿಗೆ ಅದೇ ಹೆದರಿಕೆ ಹುಟ್ಟಿಸಿತು. ಅಂದು ಮೊಗಸಾಲೆಯಲ್ಲಿ ಬಂದ ಕೈಯಲ್ಲೂ ಕೆಟ್ಟದ್ದೇನೂ ಇರಲಿಲ್ಲವೇನೋ.

ಅವಳು ಕತ್ತರಿ ಎತ್ತಿಕೊಂಡಳು. ತಣ್ಣಗಿತ್ತು.

"ಮಿಸ್," ಅಂದಳು, "ಕೂತ್ಕೊಳ್ಳಿ. ಮೊಳೆ ಎದ್ದಿಲ್ಲ. ನಿಮ್ಮ ಶಾಲು ಸೇರಿಸಿ ಹೊಲಿದುಬಿಟ್ಟಿದ್ದೀರಿ."

"ಏನು ಮಾತು ಅಂತ ಆಡ್ತೀಯೇ!" ಅತ್ತೆ ಹಲ್ಲು ಕಚ್ಚಿ ಅಂದರು. ಕೆಳಗಿನ ಯಂತ್ರ ಯಾರದೋ ಕಾಗದವನ್ನು ಒಂದರ ಹಿಂದೊಂದು ಉಗುಳುತ್ತಿತ್ತು. ಮಿಸ್ ನಿಂತೇ ಇದ್ದರು. ಅವರ ಕೈ ಶಾಲಿನ ಮೇಲೆ ಮೆಲ್ಲಗೆ ಕೆಳಗಿಳಿದು, ಅಂಚು ಮುಟ್ಟಿ, ಕೌದಿ ಮುಟ್ಟಿ, ಎರಡೂ ಸೇರಿದ ಜಾಗದ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಮುಖ ಕೆಂಪಾಯಿತು, ಕಿವಿಯವರೆಗೂ. ಅಷ್ಟು ವಯಸ್ಸಾದವರ ಮುಖ ನಾಚಿಕೆಯಿಂದ ಕೆಂಪಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನೋಡಲಾಗಲಿಲ್ಲ. ಆದರೂ ಈ ಸಲ ಬೇರೆ ಕಡೆ ನೋಡಲಿಲ್ಲ.

"ಗಟ್ಟಿ ಇದೆಯಾ?" ಮಿಸ್ ಕೇಳಿದರು.

"ಏನು ಮಿಸ್?"

"ಹೊಲಿಗೆ."

ಅವಳು ಜಗ್ಗಿ ನೋಡಿದಳು. "ಗಟ್ಟಿ ಇದೆ. ಸೊಟ್ಟಗಿದೆ."

ಟೈಲರಮ್ಮನ ಗಂಟಲಿನಿಂದ ಒಂದು ಸದ್ದು ಬಂತು, ಅಳುವೋ ನಗುವೋ. ಮಿಸ್ ಕೂತರು. ಕೂತ ರಭಸಕ್ಕೆ ಕುರ್ಚಿ ಕಿರ್ ಎಂದಿತು. "ಹಾಗಾದ್ರೆ ಕತ್ತರಿಸಬೇಡ. ನನ್ನ ಶಾಲು ಹಾಳಾಗುತ್ತೆ. ಒಂದೊಂದೇ ಬಿಚ್ಚು," ಅಂದು, ಉಳಿದವರ ಕಡೆ ಮುಖ ತಿರುಗಿಸದೆ, "ನೀವೆಲ್ಲ ಏನು ಬಾಯಿಬಿಟ್ಕೊಂಡು ನೋಡ್ತಿದ್ದೀರಿ? ನೋಡ್ತಿದ್ದೀರಿ ಅಂತ ಗೊತ್ತು ನಂಗೆ. ಅದಕ್ಕೆ ಕಣ್ಣು ಬೇಡ," ಅಂದರು.

ಸಿಸ್ಟರ್ ಬಗ್ಗಿ ನೂಲುಂಡೆ ಎತ್ತಿಕೊಂಡಳು. ಅತ್ತೆ ತಮ್ಮ ಜಾಗದಲ್ಲಿ ತಲೆತಗ್ಗಿಸಿ ಸೂಜಿ ಹಿಡಿದರು, ಹೊಲಿಯಲಿಲ್ಲ. ಅವಳು ಕುರ್ಚಿಯನ್ನು ಮಿಸ್‌ನ ಹತ್ತಿರಕ್ಕೆ ಎಳೆದುಕೊಂಡು, ಕತ್ತರಿಯ ತುದಿಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿದಳು. ಉಣ್ಣೆ ಒಳ್ಳೆಯದಿತ್ತು, ಎಳೆ ಕಿತ್ತುಬರದ ಹಾಗೆ ನೂಲನ್ನು ಮಾತ್ರ ಎತ್ತಬೇಕಿತ್ತು. ಎತ್ತಿದಳು, ತುಂಡಾಯಿತು. ಮುಂದಿನದು. ಮಿಸ್ ತಮ್ಮ ಹಸ್ತವನ್ನು ಶಾಲಿನ ಮೇಲೆ, ಅವಳ ಬೆರಳುಗಳ ಪಕ್ಕದಲ್ಲೇ ಚಪ್ಪಟೆಯಾಗಿ ಇಟ್ಟುಕೊಂಡಿದ್ದರು. ಇವರು ನನ್ನನ್ನು ಕ್ಷಮಿಸಿದ್ದಾರೆಯೇ, ಇಲ್ಲ, ಎಲ್ಲರೆದುರು ಇದನ್ನು ನನ್ನ ಕೈಯಿಂದಲೇ ಮಾಡಿಸಿ ಸೇಡು ತೀರಿಸಿಕೊಳ್ಳುತ್ತಿದ್ದಾರೆಯೇ ಎಂದು ಅವಳಿಗೆ ತಿಳಿಯಲಿಲ್ಲ.

"ನಿನ್ನ ಕೈ ನಡುಗ್ತಿದೆ," ಮಿಸ್ ಮೆಲ್ಲಗೆ ಅಂದರು.

"ಇಲ್ಲ ಮಿಸ್."

"ಸುಳ್ಳು ಹೇಳ್ಬೇಡ. ಇಷ್ಟೊತ್ತು ನಿಜ ಹೇಳ್ತಾ ಚೆನ್ನಾಗಿದ್ದೆ."

ಅವಳು ಕತ್ತರಿ ಹಿಡಿದ ತನ್ನ ಕೈ ನೋಡಿದಳು. ಎಡಗಡೆಯಿಂದ ಅತ್ತೆಯೂ ಆ ಕೈಯನ್ನೇ ನೋಡುತ್ತಿದ್ದರು.

"ನಡುಗ್ತಿದೆ ಮಿಸ್," ಅಂದಳು. "ತುಂಬಾ ದಿನದಿಂದ."